ಕೊನೆಯ ಫಾರಂ

ಲೈಬ್ರರಿಯಲ್ಲಿ ಪುಸ್ತಕವನ್ನು ಟೇಪು ಹಿಡಿದು ಅಳೆಯುವವಳು ನಾನೊಬ್ಬಳೇ ಇರಬೇಕು. ನಾಚಿಕೆಯೇನಿಲ್ಲ. ದರ್ಜಿ ನಾನು, ಕೊರಳಲ್ಲಿ ಟೇಪು ಹೇಗೂ ಇರುತ್ತದೆ. ಮೊದಲ ಸಲ ಕಪಾಟಿನ ಮುಂದೆ ನಿಂತು ಪುಸ್ತಕಗಳ ಬೆನ್ನು ಅಳೆಯತೊಡಗಿದಾಗ ಲೈಬ್ರರಿಯವರು ಕನ್ನಡಕ ಹಣೆಗೇರಿಸಿ, ಏನಮ್ಮ, ಪುಸ್ತಕಕ್ಕೂ ಅಂಗಿ ಹೊಲೀತೀಯಾ ಎಂದು ಕೇಳಿದರು. ತಮಾಷೆ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಇಲ್ಲಿರುವುದರಲ್ಲಿ ಅತಿ ದಪ್ಪದ್ದು ಯಾವುದೋ ಅದನ್ನು ಕೊಡಿ ಅಂದೆ. ಕಥೆಯೋ, ಚರಿತ್ರೆಯೋ, ವಿಜ್ಞಾನವೋ ಎಂದರು. ಯಾವುದಾದರೂ ಸರಿ, ಬೇಗ ಮುಗಿಯಬಾರದು ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಏಣಿ ತರಲು ಹೋದರು.

ಬೇಗ ಮುಗಿಯಬಾರದು, ಅಷ್ಟೇ ನನಗೆ ಬೇಕಾಗಿದ್ದದ್ದು. ಕೈಯಲ್ಲಿರುವ ಪುಸ್ತಕ ಮುಗಿದ ದಿನ ಡಯಾಲಿಸಿಸ್ ನಿಲ್ಲಿಸಿಬಿಡುತ್ತೇನೆ ಎಂದು ಅಮ್ಮ ಹೇಳಿದ್ದಳು. ನಿಲ್ಲಿಸಿದರೆ ಅಮ್ಮ ಉಳಿಯುವುದಿಲ್ಲ. ಅಮ್ಮ ಹೋದರೆ ಆ ಮನೆಯಲ್ಲಿ ನಾನು, ಒಂದು ಹೊಲಿಗೆ ಮಷೀನು, ಎರಡು ಕುರ್ಚಿ. ಗಂಡ ಅನ್ನಿಸಿಕೊಂಡವನು ಬಿಟ್ಟುಹೋಗಿ ಹನ್ನೊಂದು ವರ್ಷವಾಗಿದೆ, ಅವನ ಸುದ್ದಿ ಇಲ್ಲಿ ಬೇಡ.

ಅಮ್ಮನ ಮೂತ್ರಪಿಂಡಗಳೆರಡೂ ಕೆಲಸ ಬಿಟ್ಟು ಒಂದೂವರೆ ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ಎರಡನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ, ಎಡಗೈಗೆ ಎರಡು ದಪ್ಪ ಸೂಜಿ, ನಾಲ್ಕು ಗಂಟೆ. ಮೊದಮೊದಲು ಮುಗಿಸಿಕೊಂಡು ತಾನೇ ಮೆಟ್ಟಿಲು ಇಳಿದು ಬರುತ್ತಿದ್ದಳು. ಬರಬರುತ್ತಾ ಮಷೀನಿಗೆ ಹಾಕಿದಾಗಲೇ ರಕ್ತದೊತ್ತಡ ಕುಸಿಯತೊಡಗಿತು. ಮೀನಖಂಡ ಹಿಡಿದುಕೊಂಡು ಹಲ್ಲು ಕಚ್ಚುತ್ತಿದ್ದಳು. ಮನೆಗೆ ಬಂದರೆ ಮಾರನೆಯ ದಿನದವರೆಗೂ ವಾಂತಿ. ಒಂದು ಹೊತ್ತು ಕೂತು ನೆಮ್ಮದಿಯಾಗಿ ಉಣ್ಣುವಷ್ಟರಲ್ಲಿ ಮತ್ತೆ ಟ್ಯಾಕ್ಸಿ ಬಂದು ನಿಲ್ಲುತ್ತಿತ್ತು. ಹೃದಯ ದುರ್ಬಲ, ಬೇರೆಯವರ ಮೂತ್ರಪಿಂಡ ಜೋಡಿಸುವ ಮಾತೇ ಇಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸಕ್ಕರೆ ಕಾಯಿಲೆ ಕಣ್ಣನ್ನೂ ತಿಂದುಹಾಕಿತ್ತು. ಬೆಳಕು, ನೆರಳು ತಿಳಿಯುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ.

ಓದು ಶುರುವಾದದ್ದು ಪಕ್ಕದ ಹಾಸಿಗೆಯವರು ಮರೆತುಹೋದ ಒಂದು ಪತ್ತೇದಾರಿ ಕಾದಂಬರಿಯಿಂದ. ಹೊತ್ತು ಹೋಗಲಿ ಎಂದು ನಾನು ಓದಿದೆ, ಅಮ್ಮ ಕೇಳಿದಳು. ಎರಡನೇ ವಾರಕ್ಕೆ, ಕೊಲೆ ಮಾಡಿದ್ದು ತೋಟದ ಮಾಲಿಯೇ ಎಂದು ಅಮ್ಮ, ಅಲ್ಲ ತಮ್ಮನೇ ಎಂದು ನಾನು, ಟ್ಯಾಕ್ಸಿಯಲ್ಲೂ ಜಗಳವಾಡುತ್ತಿದ್ದೆವು. ಇನ್ನು ಇಪ್ಪತ್ತು ಪುಟ ಇದೆ ಅನ್ನುವಾಗ ಅಮ್ಮನ ಕೈ ತಣ್ಣಗಾಯಿತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಸಿಸ್ಟರ್ ಓಡಿಬಂದು ಹಾಸಿಗೆಯ ತಲೆದೆಸೆ ಇಳಿಸಿ, ಏನೇನೋ ಚುಚ್ಚಿ, ಹತ್ತು ನಿಮಿಷಕ್ಕೆ ವಾಪಸು ತಂದರು. ಎಚ್ಚರವಾದ ಮೇಲೆ ಅಮ್ಮ ನೀರು ಕೇಳಲಿಲ್ಲ. "ಆ ಪುಸ್ತಕ ಒಂದು ಮುಗಿಸಿಬಿಡು. ಆಮೇಲೆ ನನ್ನನ್ನ ಇಲ್ಲಿಗೆ ಕರ್ಕೊಂಡು ಬರಬೇಡ," ಅಂದಳು. ಮಾರುಕಟ್ಟೆಯಿಂದ ಏನು ತರಬೇಕು ಎಂದು ಹೇಳುವ ದನಿಯಲ್ಲೇ ಹೇಳಿದಳು.

ನಾನು ಡಾಕ್ಟರನ್ನು ಕಾರಿಡಾರಿನಲ್ಲಿ ಹಿಡಿದೆ. ಅವಳಿಗೆ ನಾಲ್ಕು ಮಾತು ಬಯ್ಯಿರಿ ಎಂದು ಕೇಳುವುದಕ್ಕೆ ಹೋದವಳು ನಾನು. ಅವರು ನನ್ನನ್ನೇ ಕೂರಿಸಿ, ಇದು ನಿಮ್ಮ ತಾಯಿ ತೀರ್ಮಾನ ಮಾಡಬೇಕಾದ ವಿಷಯ, ಬೇಡ ಅಂದರೆ ನೋವಾಗದ ಹಾಗೆ ನೋಡಿಕೊಳ್ಳಬಹುದು, ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಎಂದರು. ನಾನು ಆ ಮನುಷ್ಯನಿಗೆ ಆಡಬಾರದ ಮಾತೆಲ್ಲ ಆಡಿದೆ. ನಿಮ್ಮ ಅಮ್ಮನಾಗಿದ್ದರೆ ಹೀಗೇ ಲೆಕ್ಕ ಹೇಳ್ತಿದ್ದಿರಾ ಎಂದೂ ಕೇಳಿದೆ. ಪಾಪ, ತಲೆತಗ್ಗಿಸಿ ಕೇಳಿಸಿಕೊಂಡರು.

ಶುಕ್ರವಾರ ಅಮ್ಮನಿಗೆ ಪುಸ್ತಕ ಕಳೆದುಹೋಯಿತು ಎಂದು ಸುಳ್ಳು ಹೇಳಿದೆ. ಟ್ಯಾಕ್ಸಿಯಲ್ಲಿ ಬಿಟ್ಟುಬಿಟ್ಟೆ, ಬೇರೆ ತಂದಿದ್ದೇನೆ, ಇದಂತೂ ಅದಕ್ಕಿಂತ ಜೋರಾಗಿದೆ ಎಂದು ಹೇಳಿ ಲೈಬ್ರರಿಯ ಇಟ್ಟಿಗೆಯಂಥ ಪುಸ್ತಕವನ್ನು ತೆರೆದೆ. ಯಾವುದೋ ರಾಜವಂಶದ ಚರಿತ್ರೆ. ಒಬ್ಬನನ್ನು ಇನ್ನೊಬ್ಬ ಕೊಂದು ಪಟ್ಟಕ್ಕೇರಿದ, ಅವನನ್ನು ಮತ್ತೊಬ್ಬ ಕೊಂದ. ಅಮ್ಮ ಸುಮ್ಮನೆ ಕೇಳಿದಳು. "ಸರಿ, ಹಾಗಾದ್ರೆ ಇದು ಮುಗೀಲಿ," ಅಂದಳು. ನನಗೆ ಉಸಿರು ಬಂದಂತಾಯಿತು.

ಅಲ್ಲಿಂದ ನನ್ನ ಆಟ ಶುರುವಾಯಿತು. ಮುಗಿಯಲು ಬಂತು ಅನ್ನುವಾಗ ಏನಾದರೊಂದು ನೆವ ಹೇಳಿ ಪುಸ್ತಕ ಬದಲಾಯಿಸುವುದು. ರಾಜರಿಗೆ ಗೆದ್ದಲು ಹಿಡಿಸಿದೆ. ಹಿಮದ ಬೆಟ್ಟ ಹತ್ತಿದವನೊಬ್ಬನ ಪ್ರವಾಸಕಥನ ಚೆನ್ನಾಗಿಯೇ ಇತ್ತು, ಶಿಖರಕ್ಕೆ ನಾಲ್ಕು ಮೈಲಿ ಇರುವಾಗ ಯಾರೋ ಕಾಯ್ದಿರಿಸಿದ್ದಾರಂತೆ ಎಂದು ಅವನನ್ನು ಅಲ್ಲೇ ಚಳಿಯಲ್ಲಿ ಬಿಟ್ಟೆ. ಗ್ರಹ ನಕ್ಷತ್ರಗಳ ಪುಸ್ತಕ ಓದುವಾಗ ನನಗೇ ನಿದ್ದೆ ಬಂದು ಅದು ಕೈಜಾರಿ ಬಿದ್ದುಹೋಯಿತು, ಸಿಸ್ಟರ್ ಎತ್ತಿಕೊಟ್ಟರು. ಪೈಲ್ವಾನನೊಬ್ಬನ ಜೀವನಚರಿತ್ರೆ, ದೆವ್ವದ ಕಥೆಗಳು, ಮನೆಮದ್ದು, ಒಂದನ್ನೂ ಬಿಡಲಿಲ್ಲ. ಮನುಷ್ಯರು ಓದುವುದಕ್ಕೆ ಪುಸ್ತಕ ಆರಿಸುತ್ತಾರೆ, ನಾನು ತಾಯಿ ಬದುಕಲಿ ಎಂದು ಆರಿಸುತ್ತಿದ್ದೆ. ಒಂದೂವರೆ ಇಂಚಿಗೆ ಕಮ್ಮಿ ಇದ್ದದ್ದನ್ನು ಮುಟ್ಟುತ್ತಿರಲಿಲ್ಲ. ಒಮ್ಮೆ ಬೇರೇನೂ ಸಿಗದೆ ಆಸ್ತಿ ಕಾನೂನಿನ ಪುಸ್ತಕ ತಂದಾಗ ಮಾತ್ರ ಅಮ್ಮ, ಏನೇ, ನನ್ನ ಮೇಲೇ ದಾವೆ ಹಾಕೋ ಯೋಚನೆ ಇದೆಯಾ ಎಂದು ಕೇಳಿ ನಕ್ಕಳು. ಅವಳ ನಗು ಕೇಳಿ ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ.

ಅಮ್ಮನಿಗೆ ಪುಸ್ತಕ ಹೊಸದಲ್ಲ. ಮೂವತ್ತೆಂಟು ವರ್ಷ ಪ್ರೆಸ್ಸಿನಲ್ಲಿ ಕಾಗದ ಮಡಿಸಿದವಳು. ಅಲ್ಲಿ ಪುಸ್ತಕ ಪುಟಪುಟವಾಗಿ ತಯಾರಾಗುವುದಿಲ್ಲ. ದೊಡ್ಡ ಹಾಳೆಯ ಎರಡೂ ಮುಖಕ್ಕೆ ಅಚ್ಚು ಹಾಕಿ ಮಡಿಸಿದರೆ ಹದಿನಾರು ಪುಟ, ಅದಕ್ಕೆ ಒಂದು ಫಾರಂ ಎನ್ನುತ್ತಾರೆ. ಫಾರಮುಗಳನ್ನು ಸಾಲಾಗಿ ಜೋಡಿಸಿ ದಾರದಲ್ಲಿ ಹೊಲಿದರೆ ಪುಸ್ತಕ. ಒಂದು ದಿನವಿಡೀ ಒಂದೇ ಫಾರಂ ಸಾವಿರ ಸಲ ಮಡಿಸುತ್ತಿದ್ದಳು. ಮಡಿಸುತ್ತಾ ಕಣ್ಣಿಗೆ ಬಿದ್ದದ್ದನ್ನೇ ಓದಿ, ರಾತ್ರಿ ಊಟದ ಹೊತ್ತಿಗೆ ನನಗೆ ಕಥೆಯಾಗಿ ಹೇಳುತ್ತಿದ್ದಳು. ಇವತ್ತು ಹಡಗು ಮುಳುಗುವುದು, ನಾಳೆ ಜೇನು ಸಾಕುವುದು. ಆಮೇಲೆ ಏನಾಯ್ತು ಎಂದು ನಾನು ಪೀಡಿಸಿದರೆ, ಆಮೇಲೆ ಎಲ್ಲರೂ ಮಲಗಿದ್ರು, ನೀನೂ ಮಲಗು ಎನ್ನುತ್ತಿದ್ದಳು. ಮಗುವನ್ನು ಮಲಗಿಸುವ ಉಪಾಯ ಅದು ಎಂದುಕೊಂಡೇ ನಾನು ನಲವತ್ತು ದಾಟಿದ್ದೆ.

ಏಳನೆಯದೋ ಎಂಟನೆಯದೋ ಪುಸ್ತಕವಾಗಿ ಆ ಕಾದಂಬರಿ ಬಂತು. ಆರುನೂರ ಇಪ್ಪತ್ತು ಪುಟ. ಇಬ್ಬರು ಅಕ್ಕತಂಗಿಯರು ಚಿಕ್ಕಂದಿನಲ್ಲಿ ಗಲಭೆಯೊಂದರಲ್ಲಿ ಬೇರೆಯಾಗುತ್ತಾರೆ. ಅಕ್ಕ ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕುತ್ತಾ ತಂಗಿಯನ್ನು ಹುಡುಕುತ್ತಾಳೆ. ಇಷ್ಟೇ. ಆದರೆ ಅಮ್ಮ ಇದಕ್ಕೆ ಮನಸೋತಳು. ಸೂಜಿ ಚುಚ್ಚುವ ಮೊದಲೇ, ಎಲ್ಲಿದ್ದೆವು ಎಂದು ಕೇಳುತ್ತಿದ್ದಳು. ಕಾಲು ಸೆಳೆದಾಗಲೂ ನಿಲ್ಲಿಸಬೇಡ, ಓದು ಎನ್ನುತ್ತಿದ್ದಳು. ಒಂದು ದಿನ ನನ್ನ ಮಣಿಕಟ್ಟು ಹಿಡಿದುಕೊಂಡು, ಈ ಪುಸ್ತಕಕ್ಕೆ ಗೆದ್ದಲು ಬರಬಾರದು, ಇದನ್ನು ಯಾರೂ ಕಾಯ್ದಿರಿಸಬಾರದು, ತಿಳೀತಾ ಎಂದಳು. ಇಷ್ಟು ದಿನದ ನನ್ನ ಸುಳ್ಳೆಲ್ಲ ಅವಳಿಗೆ ಗೊತ್ತೇ ಇತ್ತು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಪುಟಗಳು ಕರಗುತ್ತಾ ಬಂದವು. ನಿಧಾನ ಓದಿದೆ. ಗಂಟಲು ನೋವೆಂದೆ. ಓದಿದ ಪುಟವನ್ನೇ ಮತ್ತೆ ಓದಿದರೆ ಅಮ್ಮ, ಈ ಸೇತುವೆ ಸೋಮವಾರವೇ ದಾಟಿದ್ದಾಯ್ತು ಅನ್ನುತ್ತಿದ್ದಳು. ಮಂಗಳವಾರ ಮನೆಯ ಮುಂಗೋಣೆಯ ನನ್ನ ಅಂಗಡಿಯಲ್ಲಿ ಪ್ಯಾಂಟಿನ ಅಂಚು ಬಿಚ್ಚುತ್ತಾ ಕೂತವಳಿಗೆ, ಕೈಯಲ್ಲಿದ್ದ ಹೊಲಿಗೆ ಬಿಚ್ಚುವ ಕೊಕ್ಕೆ ನೋಡಿ ಒಂದು ಉಪಾಯ ಹೊಳೆಯಿತು. ಬಾಗಿಲು ಮುಚ್ಚಿದೆ. ಪುಸ್ತಕವನ್ನು ಬೋರಲು ಹಾಕಿ, ಹಿಂದಿನ ರಟ್ಟಿನ ಒಳಗಿನ ಕಾಗದ ಎಬ್ಬಿಸಿ, ಕೊನೆಯ ಫಾರಮಿನ ದಾರವನ್ನು ಒಂದೊಂದೇ ಕಡೆ ಕತ್ತರಿಸಿ ಹನ್ನೆರಡು ಪುಟಗಳನ್ನು ಹೊರಗೆ ತೆಗೆದೆ. ಕಾಗದವನ್ನು ಮತ್ತೆ ಅಂಟಿಸಿದೆ. ತೆಗೆದ ಪುಟಗಳನ್ನು ಮಷೀನಿನ ಡ್ರಾಯರಿನಲ್ಲಿ ಗುಂಡಿಗಳ ಡಬ್ಬಿಯ ಕೆಳಗಿಟ್ಟೆ. ಅವುಗಳಲ್ಲಿ ಒಂದು ಸಾಲನ್ನೂ ಓದಲಿಲ್ಲ, ಓದಿದ್ದರೆ ಅಮ್ಮನ ಮುಂದೆ ನನ್ನ ಮುಖವೇ ಹೇಳಿಬಿಡುತ್ತಿತ್ತು.

ಬುಧವಾರ ನಾನು ಓದುತ್ತಾ ಹೋದಂತೆ ಕಥೆಯ ಅಕ್ಕ ಒಂದು ಮನೆಯ ಬಾಗಿಲು ತಟ್ಟಿದಳು, ಒಳಗಿನಿಂದ ಯಾರೋ ಚಿಲಕ ತೆಗೆದರು. ಅಲ್ಲಿಗೆ ನನ್ನ ಪುಟ ಮುಗಿಯಿತು. ಅಯ್ಯೋ ಎಂದೆ. ಮುಂದಿನ ಪುಟಗಳೇ ಇಲ್ಲ, ಬೈಂಡಿಂಗಿನವರು ಕೊನೆಯ ಫಾರಂ ಸೇರಿಸೋದನ್ನೇ ಮರೆತಿದ್ದಾರೆ, ಬೇರೆ ಪ್ರತಿ ತರಿಸಬೇಕು, ತಿಂಗಳುಗಟ್ಟಲೆ ಆಗಬಹುದು ಎಂದು ಒಂದೇ ಉಸಿರಿಗೆ ಹೇಳಿದೆ. ಪ್ರೆಸ್ಸಿನಲ್ಲಿ ಅಂಥ ತಪ್ಪು ಆಗುತ್ತದೆ ಎಂದು ಅಮ್ಮನೇ ಎಷ್ಟೋ ಸಲ ಹೇಳಿದ್ದಳಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

"ತಾ ಇಲ್ಲಿ," ಅಂದಳು ಅಮ್ಮ.

ಸೂಜಿ ಇಲ್ಲದ ಬಲಗೈಗೆ ಪುಸ್ತಕ ಕೊಟ್ಟೆ. ಎದೆಯ ಮೇಲಿಟ್ಟುಕೊಂಡು ಹಿಂದಿನ ರಟ್ಟು ತೆರೆದಳು. ಎಷ್ಟನೇ ಪುಟಕ್ಕೆ ನಿಂತಿದೆ ಎಂದು ಕೇಳಿದಳು. ಆರುನೂರ ಎಂಟು ಅಂದೆ. ಮೂವತ್ತೆಂಟು ಫಾರಂ, ಲೆಕ್ಕ ಸರಿ ಇದೆ ಎಂದು ಗೊಣಗಿದಳು. ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಅವಳ ಬೆರಳು ಬೆನ್ನಿನ ಸಂದಿಗೆ ಹೋಯಿತು.

"ಫಾರಂ ಮೊದಲೇ ಬಿಟ್ಟುಹೋಗಿದ್ರೆ ರಟ್ಟು ಬಿಗಿಯಾಗಿ ಕೂತಿರುತ್ತೆ. ಇಲ್ಲಿ ನನ್ನ ಬೆರಳು ತೂರುತ್ತೆ," ಅಂದಳು. ಸ್ವಲ್ಪ ಹೊತ್ತು ತಡವಿ, "ಈ ಗಂಟು ಯಾರು ಹಾಕಿದ್ದು?" ಎಂದು ಕೇಳಿದಳು.

ಹಾಕಿದ್ದು ನಾನೇ. ಇಪ್ಪತ್ತೆರಡು ವರ್ಷದ ಅಭ್ಯಾಸ. ದಾರ ಕತ್ತರಿಸಿದರೆ ಉಳಿದ ಹೊಲಿಗೆ ಬಿಚ್ಚಿಹೋಗಬಾರದು ಎಂದು ಕೈ ತಾನೇ ಗಂಟು ಹಾಕಿಬಿಡುತ್ತದೆ. ಕದ್ದು ಪುಸ್ತಕ ಕೀಳುತ್ತಿರುವಾಗಲೂ ಹಾಕಿದೆ, ಎರಡು ಸುತ್ತು ಸುತ್ತಿ, ತುದಿ ಕತ್ತರಿಸಿ, ನೀಟಾಗಿ.

"ನಾನೇ ನಿನಗೆ ಕಲಿಸಿದ ಗಂಟು ಕಣೇ ಇದು," ಅಂದಳು ಅಮ್ಮ.

ಮಷೀನು ತನ್ನ ಪಾಡಿಗೆ ತಿರುಗುತ್ತಿತ್ತು. ಆ ಪುಟಗಳು ಎಲ್ಲಿವೆ ಎಂದು ಕೇಳಿದಳು. ಹೇಳಿದೆ. ಸುಟ್ಟಿಲ್ಲ ತಾನೇ ಎಂದಳು. ಇಲ್ಲ ಅಂದೆ. ಹಾಗಿದ್ದರೆ ಹೊಲಿದು ತಂದು ಓದು ಎಂದಳು. ನನಗೆ ತಡೆಯಲಾಗಲಿಲ್ಲ.

"ಓದಲ್ಲ. ಓದಿದ್ರೆ ನೀನು ಸತ್ತುಹೋಗ್ತೀಯ. ನನಗೆ ನೀನು ಬೇಕು, ನನಗೆ ಬೇರೆ ಯಾರಿದ್ದಾರೆ?" ಎಂದೆ. ಅಕ್ಕಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರು, ನೋಡಲಿ.

ಅಮ್ಮ ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಓದದಿದ್ರೂ ಹೋಗ್ತೀನಿ ಮಗಳೇ. ಅರ್ಧ ಕಥೆ ಕೇಳಿ ಹೋಗ್ತೀನಿ, ಅಷ್ಟೇ ವ್ಯತ್ಯಾಸ."

ಆಮೇಲೆ ಇಷ್ಟು ವರ್ಷ ಹೇಳದೇ ಇದ್ದದ್ದನ್ನು ಹೇಳಿದಳು. ಕೊನೆಯ ಫಾರಂ ಸಾಮಾನ್ಯವಾಗಿ ಹದಿನಾರು ಪುಟ ತುಂಬುವುದಿಲ್ಲ, ಎಂಟೋ ಹನ್ನೆರಡೋ ಇರುತ್ತದೆ. ಅದನ್ನು ಬೇರೆ ಥರ ಕತ್ತರಿಸಿ ಮಡಿಸಬೇಕು. ಆ ಕೆಲಸ ಅವರ ಪ್ರೆಸ್ಸಿನಲ್ಲಿ ಒಳಕೋಣೆಯ ಇನ್ನೊಂದು ಮೇಜಿನದು. ಮೂವತ್ತೆಂಟು ವರ್ಷದಲ್ಲಿ ಅಮ್ಮನ ಮೇಜಿಗೆ ಒಂದು ಕಥೆಯ ಕೊನೆಯೂ ಬಂದಿರಲಿಲ್ಲ. ಹೊಲಿದ ಪುಸ್ತಕಗಳು ಕಟ್ಟುಕಟ್ಟಾಗಿ ಲಾರಿ ಹತ್ತುತ್ತಿದ್ದವು. ಮನೆಯಲ್ಲಿ ನಾನಿದ್ದೆ, ಅಡುಗೆ ಇತ್ತು, ಕೊಂಡು ಓದುವ ಪುರುಸೊತ್ತು ಎಲ್ಲಿ. ಕೆಲಸ ಬಿಟ್ಟಮೇಲೆ ಓದೋಣ ಎಂದಿದ್ದಳು. ಅಷ್ಟರಲ್ಲಿ ಕಣ್ಣು ಹೋಯಿತು.

"ಆಮೇಲೆ ಎಲ್ಲರೂ ಮಲಗಿದ್ರು ಅಂತಿದ್ದೆನಲ್ಲ, ನನಗೆ ಗೊತ್ತಿರಲಿಲ್ಲ ಕಣೇ ಆಮೇಲೆ ಏನಾಯ್ತು ಅಂತ," ಅಂದಳು. "ಒಂದಾದ್ರೂ ಪೂರ್ತಿ ಕೇಳೋಣ ಅಂತ ಆಸೆ ಇತ್ತು. ನೀನು ಒಂದನ್ನೂ ಮುಗಿಸಲಿಲ್ಲ."

ಆ ಮಾತಿಗಿಂತ ಬೈಗುಳವೇ ವಾಸಿಯಾಗಿತ್ತು. ಎಂಟು ತಿಂಗಳು ಅವಳ ಜೀವ ಹಿಡಿದಿಡುತ್ತೇನೆ ಎಂದು ಕುಣಿದವಳು, ಅವಳು ಬದುಕಿನಲ್ಲಿ ಕೇಳಿದ ಒಂದೇ ಒಂದು ಚಿಕ್ಕ ತುತ್ತನ್ನು ಪ್ರತಿ ಸಲವೂ ಬಾಯಿತನಕ ತಂದು ಕಸಿದುಕೊಂಡಿದ್ದೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಗುರುವಾರ ಮಧ್ಯಾಹ್ನ ಮನೆಯಲ್ಲಿ ಅಮ್ಮನ ಹಾಸಿಗೆಯ ಬಳಿ ಕೂತು ಆ ಫಾರಂ ಹೊಲಿದೆ. ಹಳೆಯ ತೂತಿನಲ್ಲೇ ಸೂಜಿ ಹೋಗಲಿ, ಹೊಸ ತೂತು ಮಾಡಬೇಡ, ದಾರ ಬಿಗಿ ಎಳೆದರೆ ಕಾಗದ ಹರಿಯುತ್ತದೆ ಎಂದು ಅಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿಕೊಟ್ಟಳು. ಆಮೇಲೆ ಓದಿದೆ. ಚಿಲಕ ತೆಗೆದವಳು ತಂಗಿಯೇ. ಇಬ್ಬರೂ ತಬ್ಬಿಕೊಳ್ಳಲೂ ಇಲ್ಲ, ಅಳಲೂ ಇಲ್ಲ. ಯಾಕೆ ಇಷ್ಟು ಸೊರಗಿದ್ದೀಯ ಎಂದು ಅಕ್ಕ ಗದರಿದಳು, ನೀನೇನು ಭಾರಿ ದಪ್ಪಗಿದ್ದೀಯ ಎಂದು ತಂಗಿ ತಿರುಗಿ ಹೇಳಿದಳು. ಅವರು ಅಡುಗೆಮನೆಯಲ್ಲಿ ಕೂತು ಜಗಳವಾಡುತ್ತಿರುವಾಗಲೇ ಕಾದಂಬರಿ ಮುಗಿಯಿತು. ಅಮ್ಮ ನಕ್ಕಳು. ಕೆಮ್ಮು ಬರುವವರೆಗೂ ನಕ್ಕಳು. ಇನ್ನೊಂದು ಸಲ ಆ ಕೊನೆಯ ಪುಟ ಓದು ಅಂದಳು. ಓದಿದೆ. "ಹೀಗಿರುತ್ತಾ ಮುಗಿಯೋದು," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಶುಕ್ರವಾರ ಟ್ಯಾಕ್ಸಿ ಬಂತು. ಅಮ್ಮ ತಲೆ ಬಾಚಿಕೊಂಡು ಕುರ್ಚಿಯಲ್ಲಿ ಕೂತಿದ್ದಳು, ಚಪ್ಪಲಿ ಮೆಟ್ಟಿರಲಿಲ್ಲ. ನಾನು ಬಗ್ಗಿ ಚಪ್ಪಲಿ ತೊಡಿಸಲು ಹೋದರೆ ಕಾಲು ಹಿಂದಕ್ಕೆ ಎಳೆದುಕೊಂಡಳು. ಬೇಡಿದೆ. ಕಿರುಚಿದೆ. ಇನ್ನೊಂದು ಪುಸ್ತಕ, ಇನ್ನೊಂದೇ ಒಂದು, ಅದರ ಕೊನೆಯನ್ನೂ ಓದುತ್ತೇನೆ, ಆಣೆಗೂ ಓದುತ್ತೇನೆ ಎಂದು ಆ ಕಾಲುಗಳನ್ನೇ ತಬ್ಬಿಕೊಂಡು ಅತ್ತೆ. ಅಮ್ಮ ನನ್ನ ತಲೆ ಸವರುತ್ತಾ ಕೂತಿದ್ದಳು. ಹೊರಗೆ ಹಾರ್ನು ಎರಡು ಸಲ ಕೇಳಿಸಿತು. ಮೂರನೇ ಸಲಕ್ಕೆ ನಾನೇ ಎದ್ದು ಹೋಗಿ, ಇವತ್ತು ಬೇಡ ಎಂದು ಹೇಳಿ ಕಳಿಸಿದೆ. ಸೋಮವಾರ ಬರಲಾ ಎಂದು ಡ್ರೈವರ್ ಕೇಳಿದ. ಬೇಡ ಅಂದೆ.

ಆಸ್ಪತ್ರೆಗೆ ಫೋನು ಮಾಡಿದೆ. ಡಾಕ್ಟರು ಸಂಜೆ ಸಿಸ್ಟರನ್ನು ಮನೆಗೆ ಕಳಿಸುತ್ತೇನೆ, ಉಸಿರು ಕಟ್ಟಿದರೆ ಯಾವ ಔಷಧಿ, ನೋವಿಗೆ ಯಾವುದು ಎಂದು ಎಲ್ಲ ಹೇಳಿಕೊಡುತ್ತಾರೆ ಎಂದರು. ಈ ಸಲ ನಾನು ಬೈಯಲಿಲ್ಲ. ಪಕ್ಕದ ಮನೆಯಾಕೆಯನ್ನು ಅಮ್ಮನ ಹತ್ತಿರ ಕೂರಿಸಿ ಲೈಬ್ರರಿಗೆ ಹೋದೆ.

ಕಾದಂಬರಿಯನ್ನು ಮೇಜಿನ ಮೇಲಿಟ್ಟು, ಇದರ ಕೊನೆಯ ಫಾರಂ ನಾನೇ ಕಿತ್ತು ನಾನೇ ಹೊಲಿದಿದ್ದೇನೆ ಎಂದು ಒಪ್ಪಿಕೊಂಡೆ. ಲೈಬ್ರರಿಯವರು ಹಿಂದಿನ ರಟ್ಟು ತೆರೆದು ನೋಡಿ, ಹೊಲಿಗೆ ಚೆನ್ನಾಗಿದೆ ಎಂದಷ್ಟೇ ಹೇಳಿದರು. ಅಭ್ಯಾಸದಂತೆ ದೊಡ್ಡ ಪುಸ್ತಕಗಳ ಕಪಾಟಿನ ಕಡೆ ಏಣಿ ಎಳೆದುಕೊಂಡು ಹೊರಟರು. ಅಲ್ಲಿಂದಲೇ, ಈ ಸಲ ಎಷ್ಟು ಇಂಚಿನದು ಕೊಡಲಮ್ಮ ಎಂದು ಕೇಳಿದರು.

ನಾನು ಕೊರಳಿನ ಟೇಪು ತೆಗೆದು ಜೇಬಿಗೆ ಹಾಕಿಕೊಂಡೆ.

"ಒಂದು ವಾರದೊಳಗೆ ಮುಗಿಯೋದು ಕೊಡಿ ಸಾರ್," ಅಂದೆ. "ನಾಲ್ಕೈದು ದಿನದಲ್ಲೇ ಮುಗಿದರೆ ಇನ್ನೂ ಒಳ್ಳೇದು."

ಅವರು ಏಣಿಯ ಮೇಲೆ ಕೈಯಿಟ್ಟು ನಿಂತರು. ನನ್ನ ಮುಖ ನೋಡಿದರು. ಏಣಿ ಬಿಟ್ಟು ಕಿಟಕಿ ಪಕ್ಕದ ಗಿಡ್ಡ ಕಪಾಟಿಗೆ ಹೋಗಿ, ಮಂಡಿಯೂರಿ, ಒಂದೊಂದೇ ತೆಳು ಪುಸ್ತಕ ಎಳೆದು ನೆಲದ ಮೇಲೆ ಹರಡಿದರು. ನಾನೂ ಅವರ ಪಕ್ಕ ಕೂತೆ. ನಗೆಬರಹ ಇತ್ತು, ಹಕ್ಕಿಗಳ ಬಗ್ಗೆ ಒಂದು ಇತ್ತು, ದೀಪಸ್ತಂಭ ಕಾಯುವವನೊಬ್ಬನ ನೆನಪುಗಳಿದ್ದವು. ಒಂದೊಂದನ್ನೂ ಎತ್ತಿಕೊಂಡು ಮೊದಲು ಕೊನೆಯ ಪುಟ ಇದೆಯೇ ಎಂದು ನೋಡಿದೆ. ಆಮೇಲೆ ಮೊದಲ ಸಾಲು ಓದಿ, ಅಮ್ಮನಿಗೆ ಇದು ಹಿಡಿಸುತ್ತದೆಯೇ ಎಂದು ಯೋಚಿಸಿದೆ. ಇಷ್ಟು ತಿಂಗಳಲ್ಲಿ ನಾನು ಹಾಗೆ ಯೋಚಿಸಿದ್ದು ಅದೇ ಮೊದಲು. ದೀಪಸ್ತಂಭದವನನ್ನು ಆರಿಸಿದೆ.

ಮನೆಗೆ ಬಂದಾಗ ಅಮ್ಮ ಎಚ್ಚರವಾಗಿದ್ದಳು. ಪುಸ್ತಕ ಕೈಗೆ ಕೊಟ್ಟೆ. ಉಗುರಿನಿಂದ ಬೆನ್ನಿನ ಮಡಿಕೆಗಳನ್ನು ಮೆಲ್ಲಗೆ ಎಣಿಸಿದಳು. ಮೂರು ಫಾರಂ, ಮೇಲೊಂದು ಅರ್ಧದ್ದು. ಆ ಅರ್ಧವನ್ನು ಎರಡು ಸಲ ಮುಟ್ಟಿ ನೋಡಿ ಪುಸ್ತಕವನ್ನು ನನಗೆ ವಾಪಸು ಕೊಟ್ಟಳು.

ನಾನು ಕುರ್ಚಿ ಎಳೆದುಕೊಂಡು ಗಡಿಬಿಡಿಯಿಂದ ಓದತೊಡಗಿದೆ. ಅರ್ಧ ಪುಟ ಓದುವಷ್ಟರಲ್ಲಿ ಅಮ್ಮ ನನ್ನ ಮೊಣಕಾಲು ತಟ್ಟಿದಳು.

"ಯಾಕೆ ಓಡ್ತೀಯ? ನಿಧಾನವಾಗಿ ಓದು," ಅಂದಳು. "ಇದು ಮುಗಿಯುತ್ತೆ."